ಮಗ ಹಿಡಿದ ಹೋಮ್ ರನ್ ಬಾಲ್‌ನ ವಾಪಸ್ ಎಸೀಬೇಕಂತೆ, ಕಬ್ಸ್ ಫ್ಯಾನ್ಸ್‌ದು ಇದೆಂಥ ಸಂಪ್ರದಾಯ ಮಾರಾಯ್ರೆ?

ನೇಪರ್‌ವಿಲ್_ನಾಗ
ಎಲ್ರಿಗೂ ನಮಸ್ಕಾರ. ಶಿಕಾಗೋಗೆ ಬಂದು ಎರಡು ವರ್ಷ ಆಯ್ತು, ಬೇಸ್‌ಬಾಲ್ ನಂಗಿನ್ನೂ ಗಿಲ್ಲಿದಾಂಡು ಲೆವೆಲ್ಲಲ್ಲೇ ಅರ್ಥ ಆಗೋದು, ಆದ್ರೆ ಮಗ (11 ವರ್ಷ) ಸ್ಕೂಲ್ ಹುಡುಗರ ಜೊತೆ ಸೇರಿ ಈ ಊರಿನ ಕಬ್ಸ್ ಟೀಮ್ ಹುಚ್ಚ ಆಗ್ಬಿಟ್ಟಿದಾನೆ. ಹೋದ ಶನಿವಾರ ಅವರ ಮೈದಾನ ರಿಗ್ಲಿ ಫೀಲ್ಡ್‌ಗೆ ಕರ್ಕೊಂಡು ಹೋಗಿದ್ದೆ, ಎಡಗಡೆ ಬ್ಲೀಚರ್ಸ್‌ನಲ್ಲಿ (ಬೌಂಡರಿ ಹಿಂದಿನ ಬೆಂಚುಗಳು) ಸೀಟು. ನಾಲ್ಕನೇ ಇನ್ನಿಂಗ್‌ನಲ್ಲಿ ಎದುರಾಳಿ ಮಿಲ್ವಾಕಿಯವನೊಬ್ಬ ಎತ್ತಿ ಹೋಮ್ ರನ್ (ನಮ್ಮ ಸಿಕ್ಸ್ ಥರ) ಹೊಡೆದ, ಬಾಲ್ ಸೀದಾ ನಮ್ಮ ಕಡೆಗೇ ಬಂತು, ಮುಂದಿನ ಬೆಂಚಿಗೆ ಬಡಿದು ಎಗರಿ ನಮ್ಮ ಹುಡುಗನ ಗ್ಲೌಸ್ ಒಳಗೆ ಕೂತ್ಕೊಂಡ್ತು. ನಾನು ಕುಣಿದಾಡಿ ಮೊಬೈಲ್ ತೆಗೆಯೋದ್ರೊಳಗೆ ಸುತ್ತ ಇದ್ದ ನೂರಾರು ಜನ ಒಂದೇ ಸಮ "ಎಸಿ, ವಾಪಸ್ ಎಸಿ" ಅಂತ ಕಿರುಚಾಟ. ನಾನು ಬೇಡ ಕಣೋ ಅನ್ನೋ ಮುಂಚೆ ಮಗ ಎದ್ದು ನಿಂತು ಬೀಸಿ ಮೈದಾನಕ್ಕೆ ಎಸೆದೇಬಿಟ್ಟ. ಜನ ಎಲ್ಲ ಚಪ್ಪಾಳೆ, ಒಬ್ಬ ತಾತ ಬಂದು ತಲೆ ಸವರಿ ಹೋದ್ರು.

ನಂಗೆ ಹೊಟ್ಟೆ ಉರೀತಿದೆ. ಜನ ಜೀವಮಾನ ಪೂರ್ತಿ ಕಾದ್ರೂ ಸಿಗದ ಬಾಲು. ಮಗನ್ನ ಕೇಳಿದ್ರೆ "ಅಪ್ಪ ಅದು ಎದುರಾಳಿ ಬಾಲು, ಮನೇಲಿ ಇಟ್ಕೋಬಾರ್ದು" ಅಂತಾನೆ, ಏನೋ ಸೂತಕದ ಸಾಮಾನು ಅನ್ನೋ ಥರ. ಇದಕ್ಕೇನಾದ್ರೂ ಅರ್ಥ ಇದ್ಯಾ? ಇನ್ನೊಂದು, 108 ವರ್ಷ ಕಪ್ ಗೆಲ್ಲದ ಟೀಮ್‌ಗೆ ಈ ಪಾಟಿ ಸಂಪ್ರದಾಯ ಯಾಕೆ?

ಜಯನಗರ_ಜೀನ್ಸ್
ಚಿನ್ನಸ್ವಾಮಿಲಿ ಸಿಕ್ಸ್ ಹಿಡಿದ್ರೂ ವಾಪಸ್ ಕೊಡ್ಲೇಬೇಕಲ್ಲ ಗುರು, ಅದಕ್ಕೆ ಯಾಕೆ ಹೊಟ್ಟೆ ಉರಿ

ನೇಪರ್‌ವಿಲ್_ನಾಗ
ಅಲ್ಲಿ ಅದೇ ಬಾಲಲ್ಲೇ ಮ್ಯಾಚ್ ಮುಂದುವರೀಬೇಕು ಸ್ವಾಮಿ. ಇಲ್ಲಿ ಬಾಲ್ ಸ್ವಲ್ಪ ಮಣ್ಣಾದ್ರೂ ಹೊಸದು ತರ್ತಾರೆ. ಎಸೆದಿದ್ದನ್ನ ಫೀಲ್ಡರ್ ಎತ್ತಿ ಪಕ್ಕಕ್ಕೆ ಬಿಸಾಕಿದ, ಕಣ್ಣಾರೆ ನೋಡ್ದೆ.

ಸ್ಕೋರ್‌ಬುಕ್_ಸೀತಾ
ನಾಗ ಅವ್ರೇ, ತಮಾಷೆ ಏನ್ ಗೊತ್ತಾ, ಸ್ಟ್ಯಾಂಡಿಗೆ ಬಂದ ಬಾಲ್‌ನ ಜನ ಇಟ್ಕೊಂಡು ಹೋಗ್ಲಿ ಅಂತ ಮೊದಲು ಬಿಟ್ಟಿದ್ದೇ ಈ ಕ್ಲಬ್ಬು ಅಂತ ಹೇಳ್ತಾರೆ. ಅದಕ್ಕೆ ಮುಂಚೆ ಬೇರೆ ಕಡೆ ಎಲ್ಲ ಜಗಳ ಆಡಿ ಬಾಲ್ ಕಿತ್ಕೋತಿದ್ರು. 1916ರಲ್ಲಿ ವೀಗ್‌ಮನ್ ಅಂತ ಒಬ್ಬ ಓನರ್, ಅವನದ್ದು ಊಟದ ಹೋಟೆಲ್‌ಗಳ ಬಿಸಿನೆಸ್ಸು, ಗಿರಾಕಿನ ಹೇಗೆ ಇಟ್ಕೋಬೇಕು ಅಂತ ಗೊತ್ತಿತ್ತು. ವಾಪಸ್ ಎಸೆಯೋದು ಶುರುವಾಗಿದ್ದು ಅರವತ್ತರ ದಶಕದ ಕೊನೇಲಿ, ಬ್ಲೀಚರ್ ಬಮ್ಸ್ ಅಂತ ಹಳದಿ ಹೆಲ್ಮೆಟ್ ಹಾಕ್ಕೊಂಡು ಗಲಾಟೆ ಮಾಡ್ತಿದ್ದ ಗುಂಪಿನ ಕಾಲದಿಂದ. ಅಂದ್ರೆ ಐವತ್ತು ಚಿಲ್ಲರೆ ವರ್ಷದ ಪದ್ಧತಿ ಅಷ್ಟೆ, ಸನಾತನ ಏನಲ್ಲ.

ಬ್ಲೀಚರ್_ಭಟ್ಟ
ಅಯ್ಯೋ ನಾಗಣ್ಣ, ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ. ಬ್ಲೀಚರ್ಸ್‌ಗೆ ಹೋಗೋರು ಜೇಬಲ್ಲಿ ಒಂದು ಹಳೇ ಬಾಲ್ ಇಟ್ಕೊಂಡೇ ಹೋಗೋದು. ಅಸಲಿ ಬಾಲ್ ಹಿಡಿದು ಬ್ಯಾಗಿಗೆ, ನಕಲಿ ಬಾಲ್ ಮೈದಾನಕ್ಕೆ. ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ.

ಕುಡ್ಲದ_ಹುಡುಗಿ
@ಬ್ಲೀಚರ್_ಭಟ್ಟ ಛೀ, ಇದು ಮೋಸ ಅಲ್ವಾ ಮಾರಾಯ್ರೆ

ಬ್ಲೀಚರ್_ಭಟ್ಟ
ದೇವ್ರಿಗೆ ನೈವೇದ್ಯ ತೋರ್ಸಿ ನಾವೇ ತಿನ್ನಲ್ವಾ, ಹಾಗೆ.

ಸೌತ್‌ಸೈಡ್_ಸಾಹುಕಾರ
ಈ ಊರಿನ ಇನ್ನೊಂದು ಟೀಮ್ ವೈಟ್ ಸಾಕ್ಸ್ ಫ್ಯಾನ್ ಇಲ್ಲಿ. ನಿಮ್ಮ ಕಬ್ಸ್ ಫ್ಯಾನ್ಸ್‌ಗೆ ಮ್ಯಾಚ್ ಗೆಲ್ಲೋದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತೆ. ಬಾಲ್ ಎಸೆಯೋದು, ಬಳ್ಳಿ ನೋಡೋದು, ಬಿಸಿಲಲ್ಲಿ ಬಿಯರ್ ಕುಡಿಯೋದು. ನಾವು 88 ವರ್ಷದ ಬರ ಮುಗಿಸಿ 2005ರಲ್ಲಿ ವರ್ಲ್ಡ್ ಸೀರೀಸ್ (ಇಲ್ಲಿನ ಫೈನಲ್, ನಾಲ್ಕು ಮ್ಯಾಚ್ ಗೆದ್ದವರಿಗೆ ಕಪ್) ಗೆದ್ವಿ, ಹ್ಯೂಸ್ಟನ್‌ನ ನಾಲ್ಕಕ್ಕೆ ನಾಲ್ಕೂ ಸೋಲಿಸಿ. ಯಾರಿಗಾದ್ರೂ ನೆನಪಿದ್ಯಾ? ಇವ್ರು ಹನ್ನೊಂದು ವರ್ಷ ಆದ್ಮೇಲೆ ಗೆದ್ರೆ ಪ್ರಪಂಚ ಎಲ್ಲ ಅಳ್ತು.

ಹಳೇ_ಶಿಕಾಗೋ_ರಾಯ
ಸಾಹುಕಾರ್ರೇ, ನಿಮ್ಮ ಹೊಟ್ಟೆಕಿಚ್ಚಿಗೆ 1906ರ ಸಮಾಧಾನ ಇದೆಯಲ್ಲ. ಆ ವರ್ಷ ಕಬ್ಸ್ 116 ಗೆದ್ದು 36 ಸೋತಿದ್ರು, ಅಂಥ ಸೀಸನ್ ಆಡಿದ ಟೀಮ್‌ನ ವರ್ಲ್ಡ್ ಸೀರೀಸ್‌ನಲ್ಲಿ ಕೆಡವಿದ್ದು ಇದೇ ಊರಿನ ವೈಟ್ ಸಾಕ್ಸ್. ಆ ಮೇಲೆ 1907, 1908 ಎರಡು ವರ್ಷ ಕಬ್ಸ್ ಗೆದ್ರು, ಅಲ್ಲಿಗೆ ಬಾಗಿಲು ಮುಚ್ತು.

ನಾನು ಈ ಊರಿಗೆ ಬಂದಿದ್ದು 1979ರಲ್ಲಿ. ಬಂದ ಒಂದೇ ತಿಂಗಳಿಗೆ, ಮೇ 17, ರಿಗ್ಲಿಯಲ್ಲಿ ಗಾಳಿ ಹೊರಗಡೆಗೆ ಬೀಸ್ತಿತ್ತು, ಕಬ್ಸ್ 22 ರನ್ ಹೊಡೆದು ಸೋತ್ರು. ಫಿಲಡೆಲ್ಫಿಯಾ 23. ಲ್ಯಾಬಲ್ಲಿ ನನ್ನ ಪಕ್ಕ ಕೂತ್ಕೋತಿದ್ದವನು ರೇಡಿಯೋ ಆಫ್ ಮಾಡಿ, ನಗ್ತಾ, ಇರ್ಲಿ ಮುಂದಿನ ವರ್ಷ ನೋಡೋಣ ಅಂದ. ಮೇ ತಿಂಗಳಲ್ಲೇ ಮುಂದಿನ ವರ್ಷದ ಮಾತು! ಆವತ್ತಿಂದ ನಾನೂ ಸಿಕ್ಕಿಹಾಕ್ಕೊಂಡೆ.

ಜಯನಗರ_ಜೀನ್ಸ್
ಮುಂದಿನ ವರ್ಷ ನೋಡೋಣ = ಈ ಸಲ ಕಪ್ ನಮ್ದೇ 😂😂

ಧಾರವಾಡ_ಪೇಡೆ
ಏನ್ರೀ ಇದು, ಒಂದು ಆಡಿನ ಶಾಪ ಇತ್ತಂತಲ್ರೀ ಈ ಟೀಮಿಗೆ? ನಮ್ಮ ಮ್ಯಾನೇಜರ್ ಹೇಳ್ತಿದ್ದ, ಖರೇನೋ ಸುಳ್ಳೋ ಗೊತ್ತಿಲ್ಲ.

ಬ್ಲೀಚರ್_ಭಟ್ಟ
ಖರೇನೇ. 1945ರ ವರ್ಲ್ಡ್ ಸೀರೀಸ್, ಡೆಟ್ರಾಯಿಟ್ ಜೊತೆ, ನಾಲ್ಕನೇ ಮ್ಯಾಚು. ಬಿಲ್ಲಿ ಸಯಾನಿಸ್ ಅಂತ ಗ್ರೀಸಿಂದ ಬಂದ ಒಬ್ಬ ಬಾರ್ ಓನರ್, ತನ್ನ ಸಾಕಿದ ಹೋತಕ್ಕೂ ಟಿಕೆಟ್ ತಗೊಂಡು ಬಂದಿದ್ದ, ಹೋತದ ಹೆಸರು ಮರ್ಫಿ. ವಾಸನೆ ಬರುತ್ತೆ ಅಂತ ಆಚೆ ಹಾಕಿದ್ರು. ಅವನು ಕೈ ಎತ್ತಿ ಶಾಪ ಹಾಕ್ದ, ಕಬ್ಸ್ ಇನ್ನು ಗೆಲ್ಲಲ್ಲ ಅಂತ. ಆ ಸೀರೀಸ್ ಸೋತ್ರು, ಆಮೇಲೆ 71 ವರ್ಷ ವರ್ಲ್ಡ್ ಸೀರೀಸ್ ಮುಖಾನೇ ನೋಡ್ಲಿಲ್ಲ. ಅವನ ಬಾರ್ ಈಗ್ಲೂ ಮಿಷಿಗನ್ ಅವೆನ್ಯೂ ಕೆಳಗೆ, ಕೆಳಗಿನ ರಸ್ತೇಲಿದೆ, ಬೇಕಾದ್ರೆ ಹೋಗ್ಬನ್ನಿ.

ಸ್ಕೋರ್‌ಬುಕ್_ಸೀತಾ
ಶುರುವಾಯ್ತಾ ಹೋತದ ಪುರಾಣ. ಭಟ್ರೇ, 1908ರಿಂದ 1945ರ ತನಕ ಗೆಲ್ಲದೇ ಇದ್ದಿದ್ದಕ್ಕೆ ಯಾವ ಹೋತ ಕಾರಣ? 1929, 32, 35, 38, ಲೆಕ್ಕ ಇಟ್ಟ ಹಾಗೆ ಮೂರು ಮೂರು ವರ್ಷಕ್ಕೆ ಫೈನಲ್‌ಗೆ ಹೋಗಿ ಸೋತು ಬಂದಿದಾರೆ.

1945 ಆದ್ಮೇಲಿನದಕ್ಕೆ ಕಾರಣ ಓನರ್ ಪಿ.ಕೆ. ರಿಗ್ಲಿ, ಚೂಯಿಂಗ್ ಗಮ್ ಸಾಹುಕಾರರ ಮಗ. ಮೈದಾನ ಚೆಂದ ಇಟ್ಕೊಂಡ್ರೆ ಜನ ತಾವಾಗೇ ಬರ್ತಾರೆ ಅಂತ ನಂಬಿದ್ದ ಮನುಷ್ಯ. ಬೇರೆ ಟೀಮ್‌ಗಳು ಚಿಕ್ಕ ಊರುಗಳಲ್ಲಿ ಹುಡುಗರನ್ನ ತಯಾರು ಮಾಡ್ತಿದ್ರೆ ಇವನು ಕೈಕಟ್ಕೊಂಡು ಕೂತಿದ್ದ. ವರ್ಣಭೇದ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್‌ಗೆ ಆಡೋಕೆ ಶುರು ಮಾಡಿದ್ರೆ ಕಬ್ಸ್‌ಗೆ ಮೊದಲ ಕಪ್ಪು ಆಟಗಾರ ಬಂದಿದ್ದು 1953ರ ಸೆಪ್ಟೆಂಬರ್‌ನಲ್ಲಿ. 1961ರಲ್ಲಿ ಟೀಮ್‌ಗೆ ಮ್ಯಾನೇಜರೇ ಬೇಡ ಅಂತ ಒಂದು ಗುಂಪು ಕೋಚ್‌ಗಳನ್ನ ಸರದಿ ಮೇಲೆ ನಡೆಸೋಕೆ ಬಿಟ್ಟ. ಎರಡು ಸೀಸನ್ ಹಾಳು. 1964ರಲ್ಲಿ ಲೂ ಬ್ರಾಕ್‌ನ ಸೇಂಟ್ ಲೂಯಿಸ್‌ಗೆ ಕೊಟ್ಟು ಬ್ರೋಲಿಯೋ ಅನ್ನೋ ಪಿಚರ್‌ನ (ನಮ್ಮ ಬೌಲರ್ ಥರ) ತಗೊಂಡ್ರು. ಬ್ರಾಕ್ ಅಲ್ಲಿ ಅದೇ ವರ್ಷ ಕಪ್ ಗೆದ್ದ, 1967ರಲ್ಲಿ ಇನ್ನೊಂದು. ಬ್ರೋಲಿಯೋ ಕಬ್ಸ್‌ಗೆ ಗೆದ್ದುಕೊಟ್ಟಿದ್ದು ಒಟ್ಟು 7 ಮ್ಯಾಚು. ಇದ್ರಲ್ಲಿ ಹೋತದ ತಪ್ಪು ಎಲ್ಲಿದೆ ಹೇಳಿ?

ಸುಮ್ನೆ_ಬಂದೆ
ಹೋತ ಪಾಪ ಮ್ಯಾಚ್ ನೋಡೋಕೆ ಬಂದಿತ್ತು

ಹಳೇ_ಶಿಕಾಗೋ_ರಾಯ
ಸೀತಮ್ಮ ಹೇಳಿದ್ದು ನೂರಕ್ಕೆ ನೂರು. ಆ 1953ರ ಹುಡುಗ ಅರ್ನಿ ಬ್ಯಾಂಕ್ಸ್. 512 ಹೋಮ್ ರನ್, 1958 ಮತ್ತೆ 59 ಎರಡು ವರ್ಷ ಲೀಗ್‌ನ ಬೆಸ್ಟ್ ಪ್ಲೇಯರ್, ಆದ್ರೆ 2,528 ಮ್ಯಾಚ್ ಆಡಿದ್ರೂ ಒಂದೇ ಒಂದು ಪ್ಲೇಆಫ್ ಮ್ಯಾಚ್ ಭಾಗ್ಯ ಇರ್ಲಿಲ್ಲ. ಆದ್ರೂ ಬಿಸಿಲಿದ್ರೆ ಸಾಕು, ಇವತ್ತು ಎರಡು ಮ್ಯಾಚ್ ಆಡೋಣ ಬನ್ರೋ ಅಂತಿದ್ರು. 2015ರ ಜನವರಿಲಿ ಹೋಗ್ಬಿಟ್ರು, ಇನ್ನೆರಡು ವರ್ಷ ಇದ್ದಿದ್ರೆ ಕಪ್ ಗೆದ್ದಿದ್ದು ನೋಡ್ತಿದ್ರು.

ಇನ್ನೂ ಹಿಂದಕ್ಕೆ ಹೋದ್ರೆ ಸಂಪ್ರದಾಯ ಅಂತ ಹೆಮ್ಮೆಪಡೋ ಹಾಗಿಲ್ಲ. 19ನೇ ಶತಮಾನದಲ್ಲಿ ಕ್ಯಾಪ್ ಆನ್ಸನ್ ಅಂತ ಇದೇ ಟೀಮಿನ ದೊಡ್ಡ ಕ್ಯಾಪ್ಟನ್, ಎದುರು ಟೀಮಲ್ಲಿ ಕಪ್ಪು ಆಟಗಾರ ಇದ್ರೆ ಆಡಲ್ಲ ಅಂತ ಹಠ ಹಿಡಿದವನು. ಬೇಸ್‌ಬಾಲ್‌ನಲ್ಲಿ ಅರವತ್ತು ವರ್ಷ ವರ್ಣಭೇದ ನಿಂತಿದ್ದರಲ್ಲಿ ಅವನ ಪಾಲೂ ಇದೆ. ಟೂರ್ ಕೊಡೋರು ಅವನ ಹಿಟ್ಸ್ ಲೆಕ್ಕ ಹೇಳ್ತಾರೆ, ಇದನ್ನ ಮೆಲ್ಲಗೆ ದಾಟಿಸ್ತಾರೆ.

ಕುಡ್ಲದ_ಹುಡುಗಿ
ಕಬ್ಸ್ ಅನ್ನೋ ಹೆಸರು ಆಗ್ಲೂ ಇತ್ತಾ ಅಂಕಲ್?

ಹಳೇ_ಶಿಕಾಗೋ_ರಾಯ
ಇಲ್ಲಮ್ಮ. ಮೊದಲು ವೈಟ್ ಸ್ಟಾಕಿಂಗ್ಸ್ (ಸಾಹುಕಾರ್ರು ಕಿವಿ ಮುಚ್ಕೊಳ್ಳಿ), ಆಮೇಲೆ ಕೋಲ್ಟ್ಸ್. 1898ರಲ್ಲಿ ಆನ್ಸನ್ ಬಿಟ್ಟುಹೋದಾಗ ಪೇಪರ್ನೋರು ಆರ್ಫನ್ಸ್ ಅಂತ ಕರೆದ್ರು, ಅಪ್ಪ ಇಲ್ಲದ ಅನಾಥರು ಅಂತ. 1902ರಲ್ಲಿ ಟೀಮ್ ತುಂಬ ಎಳೇ ಹುಡುಗರು, ಇವು ಮರಿಗಳು ಅಂತ ಒಂದು ಪೇಪರ್ ಬರೀತು, ಆ ಹೆಸರೇ ನಿಲ್ತು.

ಸೌತ್‌ಸೈಡ್_ಸಾಹುಕಾರ
ನೀವು ಬಿಟ್ಟ ಹೆಸರನ್ನ ಎತ್ಕೊಂಡು ನಾವು ಉದ್ಧಾರ ಮಾಡಿದ್ವಿ ಬಿಡಿ. ಇನ್ನೊಂದು ಹೇಳ್ತೀನಿ ಕೇಳಿ. ಏಳನೇ ಇನ್ನಿಂಗ್ ಮಧ್ಯೆ ಎಲ್ಲ ಎದ್ದು ನಿಂತು ಹಾಡೋದಿದ್ಯಲ್ಲ, ಕಾಮೆಂಟರಿ ಹೇಳ್ತಿದ್ದ ಹ್ಯಾರಿ ಕ್ಯಾರೀ ಮೈಕ್ ಹಿಡ್ಕೊಂಡು ಹಾಡೋಕೆ ಶುರು ಮಾಡಿದ್ದು ನಮ್ಮ ಸ್ಟೇಡಿಯಮ್ಮಲ್ಲಿ, 1976ರಲ್ಲಿ. 1982ರಲ್ಲಿ ಮನುಷ್ಯ ನಿಮ್ಮ ಕಡೆ ಬಂದ, ಸಂಪ್ರದಾಯಾನೂ ನಿಮ್ಮದಾಯ್ತು. ಅವನ ಕೈಗೆ ಮೈಕ್ ಕೊಟ್ಟ ನಮ್ಮ ಓನರ್ ಬಿಲ್ ವೀಕ್, 1937ರಲ್ಲಿ ರಿಗ್ಲಿ ಗೋಡೆಗೆ ಬಳ್ಳಿ ಹಬ್ಬಿಸಿದ್ದೂ ಅವನೇ. ಸಂಪ್ರದಾಯದ ಅರ್ಧ ಸಾಮಾನು ನಮ್ಮ ಮನೇದೇ ರೀ.

ಬ್ಲೀಚರ್_ಭಟ್ಟ
ಬಳ್ಳಿ ಹಬ್ಬಿಸೋವಾಗ ಅವನು ನಮ್ಮ ಮನೆ ಹುಡುಗ, ಅವರಪ್ಪ ಕಬ್ಸ್ ಪ್ರೆಸಿಡೆಂಟ್ ಆಗಿದ್ದೋರು. ಹಂಗೆಲ್ಲ ಪಾಲು ಕೇಳ್ಬೇಡಿ.

ಧಾರವಾಡ_ಪೇಡೆ
ಬಾಲು ಬಳ್ಳ್ಯಾಗ ಸಿಕ್ಕೊಂಡ್ರ ಏನ್ಮಾಡ್ತಾರ್ರೀ ಮತ್ತ?

ಸ್ಕೋರ್‌ಬುಕ್_ಸೀತಾ
ಫೀಲ್ಡರ್ ಎರಡೂ ಕೈ ಮೇಲೆತ್ತಿ ನಿಂತ್ಕೋಬೇಕು, ಅಂಪೈರ್ ಬಂದು ನೋಡಿ ಡಬಲ್ ಅಂತ ಕೊಡ್ತಾನೆ, ಎರಡು ಬೇಸ್ ಅಷ್ಟೆ. ಅದು ಬಿಟ್ಟು ಬಳ್ಳಿಯೊಳಗೆ ಕೈ ಹಾಕಿ ಹುಡುಕೋಕೆ ಹೋದ ಅಂದ್ರೆ ಆಟ ಚಾಲ್ತೀಲಿ ಇದೆ ಅಂತ ಲೆಕ್ಕ, ಬ್ಯಾಟರ್ ಓಡ್ತಾನೇ ಇರಬಹುದು. ಏಪ್ರಿಲ್‌ನಲ್ಲಿ ಹೋದ್ರೆ ಎಲೆ ಇರಲ್ಲ, ಒಣಗಿದ ಕಡ್ಡಿ ಗೋಡೆ.

ಸ್ಕೋರ್‌ಬೋರ್ಡ್ ನೋಡಿದ್ರಾ ನಾಗ ಅವ್ರೇ? ಅದೂ 1937ರದ್ದೇ, ಇವತ್ತಿಗೂ ಒಳಗೆ ಜನ ಕೂತು ಕೈಯಲ್ಲೇ ನಂಬರ್ ಹಲಗೆ ತಗೊಂಡು ಸಿಗಿಸ್ತಾರೆ. ನಾನು ಮೊದಲ ಸಲ ಹೋದಾಗ ಆಟ ನೋಡಿದ್ದಕ್ಕಿಂತ ಆ ಕಿಂಡಿ ನೋಡಿದ್ದೇ ಜಾಸ್ತಿ, ಹಸಿರು ಗೋಡೇಲಿ ಒಂದು ಚೌಕ ಕತ್ತಲಾಗುತ್ತೆ, ಒಂದು ಕೈ ಬರುತ್ತೆ, ಬಿಳೀ 3 ಕೂರುತ್ತೆ, ಕೈ ಮಾಯ. ಮೇಲೆ ಕಂಬಕ್ಕೆ ಟೀಮ್‌ಗಳ ಬಾವುಟ, ಯಾರು ಮುಂದೆ ಇದಾರೋ ಅವರದ್ದು ಮೇಲೆ. ಮ್ಯಾಚ್ ಮುಗಿದ್ಮೇಲೆ ಗೆದ್ರೆ ಡಬ್ಲ್ಯೂ ಬಾವುಟ, ಸೋತ್ರೆ ಎಲ್ ಬಾವುಟ. ರೈಲಲ್ಲಿ ಮನೆಗೆ ಹೋಗೋರು ಕಿಟಕಿಯಿಂದ ನೋಡಿ ತಿಳ್ಕೊಳ್ಳಲಿ ಅಂತ.

ಸುಮ್ನೆ_ಬಂದೆ
108 ವರ್ಷ ಎಲ್ ಬಾವುಟ ಒಗೆದು ಒಗೆದು ಬಣ್ಣ ಹೋಗಿರಬೇಕು

ಕುಡ್ಲದ_ಹುಡುಗಿ
ಎದುರು ಮನೆಗಳ ಟೆರೇಸ್ ಮೇಲೆ ಕೂತು ನೋಡ್ತಾರಲ್ಲ ಅದು ಫ್ರೀಯಾ? ನಮ್ಮೂರಲ್ಲಿ ತೇರಿಗೆ ರಥಬೀದಿ ಮನೆ ಮಹಡಿ ಹತ್ತಿದ ಹಾಗೆ ಕಾಣ್ತದೆ

ಬ್ಲೀಚರ್_ಭಟ್ಟ
ಒಂದು ಕಾಲದಲ್ಲಿ ಫ್ರೀನೇ, ಮನೆಯವ್ರು ಮಡಚೋ ಕುರ್ಚಿ ಹಾಕ್ಕೊಂಡು ಕೂರ್ತಿದ್ರು. ಆಮೇಲೆ ಬೆಂಚು ಕಟ್ಟಿ ಟಿಕೆಟ್ ಮಾರೋಕೆ ಶುರು ಮಾಡಿದ್ರು, ಕ್ಲಬ್ ಕೋರ್ಟಿಗೆ ಹೋಯ್ತು, 2004ರಲ್ಲಿ ವ್ಯಾಪಾರದಲ್ಲಿ 17 ಪರ್ಸೆಂಟ್ ಕ್ಲಬ್ಬಿಗೆ ಅಂತ ರಾಜಿ ಆಯ್ತು. ಶೆಫೀಲ್ಡ್ ರಸ್ತೆ ಕಡೆ ಒಂದು ಮನೆ ಮೇಲೆ ಇಂಗ್ಲಿಷಲ್ಲಿ AC (ಲ್ಯಾಟಿನ್‌ನಲ್ಲಿ ಆನೋ ಕಾಟುಲಿ, ಕಬ್ಸ್ ವರ್ಷ) ಅಂತ ಬರೆದು ಮುಂದೆ ನಂಬರ್ ಹಾಕಿರೋ ಬೋರ್ಡ್ ಇದೆ ನೋಡಿ. ಡಿವಿಜನ್ ಗೆದ್ದು ಎಷ್ಟು ವರ್ಷ, ಲೀಗ್ ಗೆದ್ದು ಎಷ್ಟು, ವರ್ಲ್ಡ್ ಸೀರೀಸ್ ಗೆದ್ದು ಎಷ್ಟು ಅಂತ. 2015ರಲ್ಲಿ 07 70 107 ಅಂತ ಇತ್ತು. ತಮ್ಮ ಸೋಲಿನ ಲೆಕ್ಕನ ತಾವೇ ಬೋರ್ಡ್ ಬರೆಸಿ ಹಾಕ್ಕೊಳ್ಳೋ ಜನ ಎಲ್ಲಾದ್ರೂ ಉಂಟಾ.

ಧಾರವಾಡ_ಪೇಡೆ
108 ಅಂದ್ರ ಅಷ್ಟೋತ್ತರ ಆತಲ್ರೀ. ಜಪಮಾಲಿ ಒಂದು ಸುತ್ತು ಮುಗದ ಮ್ಯಾಲ ದೇವರು ಕಣ್ಣ ಬಿಟ್ಟಾನ.

ಸ್ಕೋರ್‌ಬುಕ್_ಸೀತಾ
ಪೇಡೆ ಅವ್ರೇ ನಗಬೇಡಿ, ಬೇಸ್‌ಬಾಲ್ ಮೇಲಿನ ಕೆಂಪು ದಾರದ ಹೊಲಿಗೆ ಎಣಿಸಿ, 108 ಜೋಡಿ ಇರುತ್ತೆ. ನಿಜವಾಗ್ಲೂ.

ಧಾರವಾಡ_ಪೇಡೆ
ಅಬಬಬ. ನಾಗಣ್ಣಾ, ಅಂಥಾ ಬಾಲ್ ಒಗದ್ ಬಂದಾನಲ್ರೀ ನಿಮ್ಮ ಹುಡುಗ!

ನೇಪರ್‌ವಿಲ್_ನಾಗ
ಮತ್ತೆ ಮತ್ತೆ ಗಾಯಕ್ಕೆ ಉಪ್ಪು ಹಾಕ್ಬೇಡಿ ಪ್ಲೀಸ್.

ಜಯನಗರ_ಜೀನ್ಸ್
2003ರಲ್ಲಿ ಒಬ್ಬ ಫ್ಯಾನ್ ಕೈ ಹಾಕಿ ಕ್ಯಾಚ್ ಕೆಡಿಸಿದ್ನಲ್ಲ, ಅವನ ಹೆಸರೇನು? ಯೂಟ್ಯೂಬಲ್ಲಿ ನೋಡಿದ್ದೆ, ಅವನಿಂದಾನೇ ಸೋತಿದ್ದಂತೆ

ಹಳೇ_ಶಿಕಾಗೋ_ರಾಯ
ಹೆಸರು ಬೇಡಪ್ಪ. ಆ ಹುಡುಗನ ಜೀವನ ಈ ಊರು ಆಗಲೇ ಸಾಕಷ್ಟು ಹಾಳು ಮಾಡಿದೆ.

ಆವತ್ತು, ಅಕ್ಟೋಬರ್ 14, ಏನಾಯ್ತು ಅಂದ್ರೆ, ಎಂಟನೇ ಇನ್ನಿಂಗ್, ಕಬ್ಸ್ 3-0 ಮುಂದೆ, ಇನ್ನು ಐದು ಔಟ್ ಬಂದ್ರೆ ವರ್ಲ್ಡ್ ಸೀರೀಸ್‌ಗೆ. ಫೌಲ್ ಬಾಲ್ ಒಂದು ಗೋಡೆ ಅಂಚಿಗೆ ಬಂತು, ನಾಲ್ಕೈದು ಜನ ಕೈ ಚಾಚಿದ್ರು, ತಗುಲಿದ್ದು ಅವನ ಕೈಗೆ. ಫೀಲ್ಡರ್ ಆಲೂ ಗ್ಲೌಸ್ ಬಡಿದು ಕೂಗಾಡ್ದ. ಸರಿ, ಆಮೇಲೆ? ಕೈಗೇ ಬಂದ ಸುಲಭದ ಬಾಲ್‌ನ ಶಾರ್ಟ್‌ಸ್ಟಾಪ್ ಜಾಗದಲ್ಲಿದ್ದ ಫೀಲ್ಡರ್ ಗೊನ್ಸಾಲೆಸ್ ಬಿಟ್ಟ. ಆ ಒಂದೇ ಇನ್ನಿಂಗ್‌ನಲ್ಲಿ ಎದುರಾಳಿ ಫ್ಲೋರಿಡಾ 8 ರನ್ ಹೊಡೀತು. ಮಾರನೇ ದಿನ ಇನ್ನೊಂದು ಮ್ಯಾಚ್ ಇತ್ತು, ಅದನ್ನೂ ಇವ್ರೇ ಸೋತ್ರು. ಅದೆಲ್ಲ ಕಿವಿಗೆ ರೇಡಿಯೋ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದ ಒಬ್ಬ ಹುಡುಗನ ತಲೆಗೆ ಕಟ್ಟಿದ್ರು, ಬಿಯರ್ ಎರಚಿದ್ರು, ಸೆಕ್ಯುರಿಟಿಯವ್ರು ಮುಖ ಮುಚ್ಚಿ ಕರ್ಕೊಂಡು ಹೋಗ್ಬೇಕಾಯ್ತು. ಮರು ವರ್ಷ ಒಂದು ಹೋಟೆಲ್‌ನವ್ರು ಆ ಬಾಲ್‌ನ ಕೊಂಡು ಜನ ಸೇರ್ಸಿ ಸಿಡಿಸಿದ್ರು. ಇದಕ್ಕೂ ಸಂಪ್ರದಾಯ ಅಂತೀರಾ? 2017ರಲ್ಲಿ ಕ್ಲಬ್ ಅವನಿಗೂ ಗೆದ್ದ ಉಂಗುರ ಕೊಡ್ತು, ಅದೊಂದು ಒಳ್ಳೇ ಕೆಲಸ.

ಕುಡ್ಲದ_ಹುಡುಗಿ
ಓದಿ ಬೇಜಾರಾಯ್ತು. ಅಂದ್ರೆ ಬ್ಲೀಚರ್ಸ್‌ನಲ್ಲಿ 11 ವರ್ಷದ ಮಗುಗೆ ಎಸಿ ಎಸಿ ಅಂತ ಕಿರುಚೋದೂ ಅದೇ ಜಾತಿ ಅಲ್ವಾ? ಗುಂಪು ಸೇರಿದ್ರೆ ಧೈರ್ಯ.

ಬ್ಲೀಚರ್_ಭಟ್ಟ
ಎಲ್ಲಿಂದ ಎಲ್ಲಿಗೆ ಹಾಕ್ತೀರಿ. ಎಸೀದೇ ಇದ್ರೂ ಏನೂ ಮಾಡಲ್ಲ, ಎರಡು ಇನ್ನಿಂಗ್ ಬೂ ಅಂತಾರೆ, ಮರೀತಾರೆ.

ಕುಡ್ಲದ_ಹುಡುಗಿ
ಎರಡು ಇನ್ನಿಂಗ್ ಬೂ ಅನ್ನಿಸ್ಕೊಳ್ಳೋದು ಮಗುಗೆ ಸಣ್ಣ ವಿಷಯ ಅಲ್ಲ ಭಟ್ರೇ.

ಜಯನಗರ_ಜೀನ್ಸ್
ಸಾರಿ ರಾಯರೇ, ಗೊತ್ತಿರ್ಲಿಲ್ಲ. ಸ್ಟೇಡಿಯಮ್ ನೈಟ್ ಮ್ಯಾಚ್ ಚೆನ್ನಾಗಿರುತ್ತಾ, ಜುಲೈನಲ್ಲಿ ಬರ್ತಿದೀನಿ

ಹಳೇ_ಶಿಕಾಗೋ_ರಾಯ
ಸಾರಿ ಯಾಕಪ್ಪ. ನೈಟ್ ಮ್ಯಾಚ್ ಅನ್ನೋದೇ ಇಲ್ಲಿ ಹೊಸ ಸಮಾಚಾರ. ಲೈಟ್ ಹಾಕೋಕೆ ಅಂತ 1941ರಲ್ಲಿ ಸಾಮಾನು ತರಿಸಿದ್ರು, ಅಷ್ಟರಲ್ಲಿ ಪರ್ಲ್ ಹಾರ್ಬರ್ ಆಯ್ತು, ಎಲ್ಲ ಯುದ್ಧಕ್ಕೆ ಕೊಟ್ರು. ಆಮೇಲೆ ಬೇಸ್‌ಬಾಲ್ ಹಗಲಲ್ಲೇ ಚೆಂದ ಅಂತ ರಿಗ್ಲಿ ಸುಮ್ಮನಾದ. ಬೇರೆ ಎಲ್ಲರಿಗಿಂತ ನಲವತ್ತು ವರ್ಷ ತಡವಾಗಿ, 1988ರ ಆಗಸ್ಟ್ 8ಕ್ಕೆ ಲೈಟ್ ಹತ್ತಿದ್ದು. ನಾನು ನಮ್ಮನೆಯವಳು ಇಬ್ರೂ ಹೋಗಿದ್ವಿ. ಮೂರೂವರೆ ಇನ್ನಿಂಗ್‌ಗೆ ಮಳೆ, ಮ್ಯಾಚ್ ರದ್ದು. ಒದ್ದೆ ಸೀರೇಲಿ ರೈಲಿಗೆ ಕಾಯ್ತಾ ನಮ್ಮವಳು, ದೇವ್ರಿಗೂ ಇಷ್ಟ ಇಲ್ಲ ಕಾಣುತ್ತೆ ಅಂದ್ಳು. ಮಾರನೇ ದಿನ ನ್ಯೂಯಾರ್ಕ್ ಮೆಟ್ಸ್ ಮೇಲೆ 6-4ರಲ್ಲಿ ಗೆದ್ರು, ಅದೇ ಮೊದಲ ನೈಟ್ ಮ್ಯಾಚ್ ಅಂತ ದಾಖಲೆ.

ನೇಪರ್‌ವಿಲ್_ನಾಗ
ರಾಯರೇ 2016ರಲ್ಲೂ ಇದ್ರಾ ಇಲ್ಲೇ?

ಹಳೇ_ಶಿಕಾಗೋ_ರಾಯ
ಇದ್ದೆ. ಮ್ಯಾಚ್ ಇದ್ದಿದ್ದು ಕ್ಲೀವ್‌ಲ್ಯಾಂಡಲ್ಲಿ, ನವೆಂಬರ್ 2, ಏಳನೇ ಮ್ಯಾಚು. ಅದಕ್ಕೂ ಮುಂಚೆ 3-1 ಹಿಂದೆ ಬಿದ್ದು ಸರಿಸಮ ಮಾಡ್ಕೊಂಡಿದ್ರು. ಮನೇಲಿ ಟಿವಿ ಮುಂದೆ ಕೂತಿದ್ದೆ. ಎಂಟನೇ ಇನ್ನಿಂಗ್‌ನಲ್ಲಿ ರಜಾಯ್ ಡೇವಿಸ್ ಹೋಮ್ ರನ್ ಹೊಡೆದು 6-6 ಮಾಡಿದಾಗ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯೋಕೆ ನಿಂತೆ, ನೋಡೋಕೆ ಆಗ್ಲಿಲ್ಲ. ಒಂಬತ್ತು ಮುಗಿದ್ರೂ ಸಮ. ಆಮೇಲೆ ಮಳೆ, 17 ನಿಮಿಷ ನಿಲ್ತು. ಆ ಹೊತ್ತಲ್ಲಿ ಜೇಸನ್ ಹೇವರ್ಡ್ ಟೀಮ್‌ನ ಎಲ್ಲ ಒಂದು ರೂಮಿಗೆ ಕರೆದು ಮಾತಾಡಿದನಂತೆ, ಆ ವರ್ಷ ಅವನ ಬ್ಯಾಟಿಂಗ್ ಏನೂ ಇರ್ಲಿಲ್ಲ, ಆದ್ರೂ ಎಲ್ಲ ಅವನ ಮಾತು ಕೇಳಿದ್ರು. ಹತ್ತನೇ ಇನ್ನಿಂಗ್‌ನಲ್ಲಿ ಝೋಬ್ರಿಸ್ಟ್ ಡಬಲ್ ಹೊಡೆದ, 8-7. ಕೊನೇ ಬಾಲ್ ಬ್ರಯಂಟ್ ಎತ್ತಿ ಎಸೀವಾಗ ಕಾಲು ಜಾರಿದ, ಜಾರ್ತಾನೂ ನಗ್ತಿದ್ದ.

ಎರಡು ದಿನ ಆದ್ಮೇಲೆ ರಿಗ್ಲಿಗೆ ಹೋದೆ. ಹೊರಗಡೆ ಇಟ್ಟಿಗೆ ಗೋಡೆ ತುಂಬ ಸೀಮೆಸುಣ್ಣದಲ್ಲಿ ಬರೆದಿದ್ರು, ಬಣ್ಣ ಬಣ್ಣದ್ದು, ಕೈಗೆ ಎಟಕೋ ಎತ್ತರದ ತನಕ ಜಾಗಾನೇ ಇಲ್ಲ. ಎಲ್ಲ ತೀರಿಹೋದವರ ಹೆಸರು. ಅಪ್ಪ, ಅಜ್ಜಿ, ತಾತ, ಹುಟ್ಟಿದ ವರ್ಷ ಹೋದ ವರ್ಷ. ಒಬ್ಬ ದೊಡ್ಡ ಆಳು ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು, ಅವಳ ಕೈಯಲ್ಲಿ ಮೇಲೆ ಖಾಲಿ ಇದ್ದ ಇಟ್ಟಿಗೆ ಮೇಲೆ ಬರೆಸ್ತಿದ್ದ, ಅವಳಿಗೆ ಸ್ಪೆಲಿಂಗ್ ಒಂದೊಂದೇ ಅಕ್ಷರ ಹೇಳಿಕೊಡ್ತಿದ್ದ. ನಾನೂ ಪಕ್ಕದವ್ರ ಹತ್ರ ಸುಣ್ಣದ ತುಂಡು ಇಸ್ಕೊಂಡೆ. ಲ್ಯಾಬಲ್ಲಿ ರೇಡಿಯೋ ಕೇಳ್ತಿದ್ದವನ ಹೆಸರು ಇಂಗ್ಲಿಷಲ್ಲಿ ಬರೆದೆ, ಅದರ ಕೆಳಗೆ ನಮ್ಮವಳ ಹೆಸರು ಕನ್ನಡದಲ್ಲಿ.

ಸೌತ್‌ಸೈಡ್_ಸಾಹುಕಾರ
ರಾಯರೇ 🙏

ಜಯನಗರ_ಜೀನ್ಸ್
ಅದೇ ವರ್ಷ ಮೇ ತಿಂಗಳಲ್ಲಿ ನಾನು ಚಿನ್ನಸ್ವಾಮಿಲಿ ಆರ್‌ಸಿಬಿ 8 ರನ್ನಲ್ಲಿ ಫೈನಲ್ ಸೋತಿದ್ದು ನೋಡಿ ನಡ್ಕೊಂಡು ಮನೆಗೆ ಹೋಗಿದ್ದೆ. 2025ರಲ್ಲಿ ಗೆದ್ದಾಗ ಮೊದಲು ಫೋನ್ ಮಾಡಿದ್ದು ಅಪ್ಪಂಗೆ, ಆ ಖುಷಿ ಒಂದು ದಿನಾನೂ ಇರ್ಲಿಲ್ಲ, ಮಾರನೇ ದಿನ ಏನಾಯ್ತು ಎಲ್ರಿಗೂ ಗೊತ್ತು. ಕಬ್ಸ್ ಮೆರವಣಿಗೆ ಹೇಗೆ ಮಾಡಿದ್ರು?

ಸ್ಕೋರ್‌ಬುಕ್_ಸೀತಾ
ಗೆದ್ದು ಒಂದು ದಿನ ಬಿಟ್ಟು, ಶುಕ್ರವಾರ. ದಾರಿ ಎಲ್ಲ ಮೊದಲೇ ಹೇಳಿದ್ರು, ರಿಗ್ಲಿಯಿಂದ ಹೊರಟು ಕೊನೇಲಿ ಗ್ರಾಂಟ್ ಪಾರ್ಕ್ ಬಯಲಲ್ಲಿ ಸಭೆ, ನದಿಗೆ ನೀಲಿ ಬಣ್ಣ ಹಾಕಿದ್ರು. ಐವತ್ತು ಲಕ್ಷ ಜನ ಅಂತ ಸಿಟಿಯವ್ರು ಹೇಳಿದ್ದು, ಅಷ್ಟು ಇದ್ದಿರಲಿಕ್ಕಿಲ್ಲ ಅನ್ನೋರೂ ಇದಾರೆ, ನಂಗೂ ಡೌಟೇ.

ಧಾರವಾಡ_ಪೇಡೆ
ಊಟಕ್ಕೇನ್ ಸಿಗ್ತದ್ರೀ ಅಲ್ಲೆ? ನಾ ಶುದ್ಧ ಸಸ್ಯಾಹಾರಿ.

ಬ್ಲೀಚರ್_ಭಟ್ಟ
ಕಡಲೆಕಾಯಿ, ಪಾಪ್‌ಕಾರ್ನ್, ಫ್ರೈಸ್. ಹಾಟ್ ಡಾಗ್ ತಿನ್ನೋರ ಪಕ್ಕ ಕೂತ್ರೆ ಕೆಚಪ್ ಮಾತ್ರ ದಾಟಿಸ್ಬೇಡಿ, ಶಿಕಾಗೋದಲ್ಲಿ ಅದು ಬಾಲ್ ಎಸೀದೇ ಇರೋದಕ್ಕಿಂತ ದೊಡ್ಡ ಅಪರಾಧ.

ನೇಪರ್‌ವಿಲ್_ನಾಗ
ಅಪ್ಡೇಟ್. ರಾಯರ ಗೋಡೆ ಕಥೆ ಮಗನಿಗೆ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ, ಆಮೇಲೆ ಹೋಗಿ ಅವನ ಪ್ರಾಕ್ಟೀಸ್ ಬಾಲ್ ತಂದು ಹೊಲಿಗೆ ಎಣಿಸ್ಕೊಂಡು ಕೂತ. 108 ಬಂತಂತೆ. ಇನ್ನೆರಡು ವಾರಕ್ಕೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮ್ಯಾಚಿಗೆ ಮತ್ತೆ ಬ್ಲೀಚರ್ಸ್ ಟಿಕೆಟ್ ತಗೊಂಡಿದೀನಿ. ಭಟ್ಟರ ಐಡಿಯಾ ಪ್ರಕಾರ ಜೇಬಲ್ಲಿ ಒಂದು ಹಳೇ ಬಾಲ್ ಇಟ್ಕೊಂಡು ಹೋಗೋಣ ಕಣೋ ಅಂದೆ, ಅಪ್ಪ ನೀನು ಬೇರೆ ಕಡೆ ಕೂತ್ಕೋ ಅಂದ.

ಸುಮ್ನೆ_ಬಂದೆ
ಹುಡುಗ ಪಾಸು, ಅಪ್ಪ ಫೇಲು

ಸ್ಕೋರ್‌ಬುಕ್_ಸೀತಾ
ಕಾರ್ಡಿನಲ್ಸ್ ಮ್ಯಾಚಿಗೆ ಕಾರ್ ತಗೊಂಡು ಹೋಗ್ಬೇಡಿ ನಾಗ ಅವ್ರೇ, ಪಾರ್ಕಿಂಗ್‌ಗೆ ಟಿಕೆಟ್‌ಗಿಂತ ಜಾಸ್ತಿ ಕೀಳ್ತಾರೆ. ನೇಪರ್‌ವಿಲ್‌ನಿಂದ ಮೆಟ್ರಾ ರೈಲಲ್ಲಿ ಯೂನಿಯನ್ ಸ್ಟೇಷನ್, ಅಲ್ಲಿಂದ ನಡೆದು ಹೋಗಿ ರೆಡ್ ಲೈನ್ ರೈಲು ಹಿಡೀರಿ, ಅಡಿಸನ್‌ನಲ್ಲಿ ಇಳೀರಿ. ವಾಪಸ್ ಬರೋವಾಗ ಪ್ಲಾಟ್‌ಫಾರ್ಮ್ ಮೇಲೆ ನಿಂತ್ರೆ ಬಾವುಟ ಕಾಣುತ್ತೆ.